ಐಎಸ್‌ಪಿ ಮೇಲ್ ಸರ್ವರಿಂದ ಹೊರಗೆ ಹೋಗೋ ಸ್ಪ್ಯಾಮ್ ನಿಲ್ಲಿಸೋದು ಹೇಗೆ?

ಅಂಚೆಪೆಟ್ಟಿಗೆ:
ಚಿಕ್ಕ ಐಎಸ್‌ಪಿ (ಇಂಟರ್ನೆಟ್ ಕೊಡೋ ಕಂಪನಿ) ಒಂದ್ರಲ್ಲಿ ಮೇಲ್ ನೋಡ್ಕೋತೀನಿ, ಪೋಸ್ಟ್‌ಫಿಕ್ಸ್ ಅನ್ನೋ ಮೇಲ್ ಸರ್ವರ್ ಸಾಫ್ಟ್‌ವೇರ್ ಇದೆ. ಕಸ್ಟಮರ್‌ಗಳಿಗೆ ಪೋರ್ಟ್ 25 (ಮೇಲ್ ಸರ್ವರ್‌ಗಳು ಒಂದಕ್ಕೊಂದು ಮೇಲ್ ಕೊಡೋ ದಾರಿ) ಯಾವಾಗ್ಲೋ ಬ್ಲಾಕ್ ಮಾಡಿದೀವಿ, ಎಲ್ರೂ ಪೋರ್ಟ್ 587ರಲ್ಲಿ ಲಾಗಿನ್ ಆಗೇ ಕಳಿಸ್ಬೇಕು. ಆದ್ರೂ ನಮ್ಮ ಔಟ್‌ಗೋಯಿಂಗ್ ಐಪಿ ಸ್ಪ್ಯಾಮ್‌ಹಾಸ್ ಲಿಸ್ಟಿಗೆ (ಸ್ಪ್ಯಾಮ್ ಕಳಿಸೋ ಐಪಿಗಳ ಕಪ್ಪುಪಟ್ಟಿ) ಬೀಳ್ತಾನೇ ಇದೆ, ತೆಗೆಸಿ ಉಸಿರು ಬಿಡೋಷ್ಟ್ರಲ್ಲಿ ಮತ್ತೆ ಅದೇ ಕಥೆ. ಒಂದು ಐಪಿಯಿಂದ ಗಂಟೆಗೆ ಇಷ್ಟೇ ಮೇಲ್ ಅಂತ ಲಿಮಿಟ್ಟೂ ಹಾಕಿದೀವಿ. ಇನ್ನೇನ್ ಮಾಡ್ಬೇಕು?

ಕ್ಯೂ_ಕಾವಲು:
25 ಮುಚ್ಚಿದ್ರೆ ವೈರಸ್ ಹತ್ತಿದ ಕಂಪ್ಯೂಟರ್ ನೇರವಾಗಿ ಕಳಿಸೋದು ನಿಲ್ಲುತ್ತೆ ಅಷ್ಟೇ. ನಿಮ್ದು ಕದ್ದ ಪಾಸ್‌ವರ್ಡ್ ಕೇಸ್ ಥರ ಕಾಣುತ್ತೆ. ಫಿಶಿಂಗಲ್ಲಿ ಸಿಕ್ಕ ಒಂದೇ ಲಾಗಿನ್ ಇಟ್ಕೊಂಡು ಬಾಟ್‌ನೆಟ್‌ನೋರು (ವೈರಸ್ ಹತ್ತಿದ ಕಂಪ್ಯೂಟರ್‌ಗಳ ಜಾಲ ನಡೆಸೋರು) ನೂರಾರು ಐಪಿಯಿಂದ ಬರ್ತಾರೆ, ಒಂದೊಂದ್ರಿಂದ ಎರಡೋ ಮೂರೋ ಮೇಲ್, ನಿಮ್ಮ ಲಿಮಿಟ್ ಕಣ್ಣಿಗೆ ಅದು ಬೀಳೋದೇ ಇಲ್ಲ. ಪೋಸ್ಟ್‌ಫಿಕ್ಸ್ ಜೊತೆ ಬರೋ ಆನ್ವಿಲ್ ಅನ್ನೋ ಲೆಕ್ಕದ ಪ್ರೋಗ್ರಾಂ ಐಪಿ ಲೆಕ್ಕ ಮಾತ್ರ ಇಡೋದು. ಲಾಗಿನ್ ಮೇಲೆ ಲೆಕ್ಕ ಇಡೋಕೆ ಆರ್‌ಸ್ಪ್ಯಾಮ್‌ಡಿ (ಸ್ಪ್ಯಾಮ್ ಫಿಲ್ಟರ್ ಸಾಫ್ಟ್‌ವೇರ್) ಅಥವಾ ಒಂದು ಪಾಲಿಸಿ ಸರ್ವರ್ (ಮೇಲ್ ತಗೋಬೇಕಾ ಬೇಡ್ವಾ ಅಂತ ಪೋಸ್ಟ್‌ಫಿಕ್ಸಿಗೆ ಹೇಳೋ ಪ್ರೋಗ್ರಾಂ) ಬೇಕು. ಮೇಲ್ ಎಣಿಸ್ಬೇಡಿ, ರೆಸಿಪಿಯೆಂಟ್ ಎಣಿಸಿ, ಒಂದೇ ಮೇಲಿಗೆ 50 ಬಿಸಿಸಿ ಹಾಕಿದ್ರೆ ಅದು 50. ಮೊದ್ಲು ಲಾಗಲ್ಲಿ ಯಾವ ಯೂಸರ್‌ನೇಮ್ ಎಷ್ಟು ಐಪಿಯಿಂದ ಲಾಗಿನ್ ಆಗಿದೆ ನೋಡಿ.

ಅಂಚೆಪೆಟ್ಟಿಗೆ:
ಸಿಕ್ತು ಗುರು! ಒಂದೇ ಅಕೌಂಟು, ದೇಶ ದೇಶದಿಂದ ಲಾಗಿನ್ನು, ಸೆಂಡರ್ ಅಡ್ರೆಸ್ ಮಾತ್ರ ಪ್ರತಿ ಮೇಲಿಗೂ ಬೇರೆ. ಪಾಸ್‌ವರ್ಡ್ ಬದಲಾಯಿಸ್ದೆ, ಆದ್ರೂ ಇನ್ನೂ ಹೋಗ್ತಾನೇ ಇದೆಯಲ್ಲ??

ರಾತ್ರಿಪಾಳಿ:
ಕ್ಯೂನಲ್ಲಿ (ಕಳಿಸೋಕೆ ಕಾಯ್ತಿರೋ ಮೇಲ್‌ಗಳ ಸಾಲು) ಆಗ್ಲೇ ಕೂತಿರೋದು ಹೋಗ್ತಿದೆ. ಪಾಸ್‌ವರ್ಡಿಗೂ ಅದಕ್ಕೂ ಸಂಬಂಧ ಇಲ್ಲ. ಆ ಲಾಗಿನ್ನಿಂದ ಬಂದಿದ್ನೆಲ್ಲ ಹೋಲ್ಡಿಗೆ ಹಾಕಿ (ಹೋಗ್ದಂಗೆ ತಡೆದಿಡಿ), ಒಂದೆರಡು ತೆಗೆದು ನೋಡಿ ಆಮೇಲೆ ಡಿಲೀಟ್ ಮಾಡಿ, ಪಾಪ ಆ ಕಸ್ಟಮರ್‌ದೇ ನಿಜವಾದ ಮೇಲೂ ಅದ್ರಲ್ಲಿ ಇರ್ಬೋದು. ಮೊದ್ಲೇ ಲಾಗಿನ್ ಆಗಿರೋ ಕನೆಕ್ಷನ್ನೂ ತಾನಾಗೇ ಬೀಳಲ್ಲ, ಅದನ್ನೂ ಕಟ್ ಮಾಡಿ. ವೆಬ್‌ಮೇಲಲ್ಲಿ ಸೆಷನ್ ಉಳಿದಿದ್ಯಾ, ಗೊತ್ತಿಲ್ದಂಗೆ ಯಾವ್ದಾದ್ರೂ ಫಾರ್ವರ್ಡ್ ರೂಲ್ ಹಾಕಿದಾರಾ ಅಂತಾನೂ ನೋಡಿ.

ಸೆಂಡರ್ ಅಡ್ರೆಸ್ ಲಾಗಿನ್ನಿಗೆ ಹೊಂದ್ಲಿಲ್ಲ ಅಂದ್ರೆ ರಿಜೆಕ್ಟ್ ಮಾಡೋ ಸೆಟ್ಟಿಂಗ್ ಪೋಸ್ಟ್‌ಫಿಕ್ಸಲ್ಲೇ ಇದೆ, ಆನ್ ಮಾಡಿ. ಅದು ಎನ್ವಲಪ್ ಸೆಂಡರ್ (ಮೇಲ್ ಕೊಡುವಾಗ ಸರ್ವರಿಗೆ ಹೇಳೋ ಅಡ್ರೆಸ್) ಮಾತ್ರ ನೋಡೋದು, ಓದೋರಿಗೆ ಕಾಣೋ ಒಳಗಿನ ಫ್ರಮ್ ಲೈನ್ ನೋಡಲ್ಲ. ಸ್ವಂತ ಡೊಮೇನ್ ಅಡ್ರೆಸ್ಸಿಂದ ಕಳಿಸೋ ಕಸ್ಟಮರ್‌ಗಳ್ನ ಮೊದ್ಲೇ ಮ್ಯಾಪಿಗೆ (ಯಾವ ಲಾಗಿನ್ನಿಗೆ ಯಾವ ಅಡ್ರೆಸ್ ಅನ್ನೋ ಪಟ್ಟಿ) ಸೇರಿಸ್ಕೊಳ್ಳಿ, ಇಲ್ಲಾಂದ್ರೆ ಬೆಳಗ್ಗೆ ಫೋನ್ ನಿಲ್ಲಲ್ಲ.

ಬೌನ್ಸ್_ಬಾಬು:
ಔಟ್‌ಗೋಯಿಂಗ್ ಮೇಲಿಗೂ ಸ್ಪ್ಯಾಮ್ ಫಿಲ್ಟರ್ ಹಾಕಿ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಹಾಕಿ, ಬೇಡ ಅನ್ನಲ್ಲ, ಆದ್ರೆ ನನ್ನ ನಂಬಿಕೆ ಬೌನ್ಸ್ (ತಲುಪದೆ ವಾಪಸ್ ಬರೋ ಮೇಲ್) ಮೇಲೇ ಜಾಸ್ತಿ. ಸ್ಪ್ಯಾಮರ್ ಹತ್ರ ಇರೋದು ಹಳೇ ಕಸದ ಲಿಸ್ಟು, ಕಳಿಸೋಕೆ ಶುರು ಮಾಡಿದ ತಕ್ಷಣ ‘ಅಂಥ ಯೂಸರ್ ಇಲ್ಲ’ ಅಂತ 550 ಎರರ್ ಕೋಡ್ ಸಾಲುಸಾಲಾಗಿ ಬರುತ್ತೆ. ಮಾಮೂಲಿ ಮನುಷ್ಯನಿಗೆ ಹಂಗೆ ಬರಲ್ಲ. ಒಂದು ಲಾಗಿನ್ನಿಗೆ ಸ್ವಲ್ಪ ಹೊತ್ತಲ್ಲಿ 550 ಎರರ್ ಜಾಸ್ತಿ ಆದ್ರೆ ಅಕೌಂಟ್ ತಾನಾಗೇ ಲಾಕ್ ಆಗೋ ಥರ ಸ್ಕ್ರಿಪ್ಟ್ ಬರೀರಿ. ನ್ಯೂಸ್‌ಲೆಟರ್ ಕಳಿಸೋರಿಗೆ ಬೇರೆ ಲಿಮಿಟ್ಟು, ಜೊತೆಗೆ ಬೇರೆ ಐಪಿ ಕೊಡಿ.

ಅಬ್ಯೂಸ್ ಮೇಲ್‌ಬಾಕ್ಸ್ (ಸ್ಪ್ಯಾಮ್ ದೂರು ಬರೋ ಅಡ್ರೆಸ್) ಯಾರಾದ್ರೂ ಓದ್ತಿದಾರಾ? ಕೆಲವು ದೊಡ್ಡ ಮೇಲ್ ಪ್ರೊವೈಡರ್‌ಗಳ ಫೀಡ್‌ಬ್ಯಾಕ್ ಲೂಪಿಗೂ ಸೇರ್ಕೊಳ್ಳಿ, ಅಲ್ಲಿ ಯಾರಾದ್ರೂ ಸ್ಪ್ಯಾಮ್ ಬಟನ್ ಒತ್ತಿದ್ರೆ ನಿಮಗೆ ಕಾಪಿ ಬರುತ್ತೆ. ಮತ್ತೆ ಕ್ಯೂ ಪೂರ್ತಿ ಕ್ಲೀನ್ ಆಗೋವರೆಗೂ ಡೀಲಿಸ್ಟ್ ರಿಕ್ವೆಸ್ಟ್ (ಐಪಿನ ಲಿಸ್ಟಿಂದ ತೆಗೀರಿ ಅನ್ನೋ ಮನವಿ) ಹಾಕ್ಬೇಡಿ.

ಅಂಚೆಪೆಟ್ಟಿಗೆ:
ಅಬ್ಯೂಸ್ ಬಾಕ್ಸ್ ಕೆಲಸ ಬಿಟ್ಟು ಹೋದೋರಿಗೆ ಫಾರ್ವರ್ಡ್ ಆಗ್ತಿದೆ 🤦 ಈಗ್ಲೇ ಸರಿ ಮಾಡ್ತೀನಿ, ಲಾಗಿನ್ ಲಿಮಿಟ್ ಇವತ್ತೇ ಹಾಕ್ತೀನಿ.