ಓಟಿಯಲ್ಲಿ ಸಿ-ಆರ್ಮ್ ಡ್ಯೂಟಿ, ಮಗು ಬೇಕು ಅಂತಿದ್ದೇವೆ. ಎಷ್ಟು ಹೆದರಬೇಕು?

ಓಟಿ_ಸಿಸ್ಟರ್_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಾನು ಒಂದು ಖಾಸಗಿ ಆಸ್ಪತ್ರೆಯ ಮೂಳೆ ಆಪರೇಷನ್ ಓಟಿಯಲ್ಲಿ ಸ್ಟಾಫ್ ನರ್ಸ್. ನಮ್ಮಲ್ಲಿ ಹೆಚ್ಚಿನ ಕೇಸ್ ಸಿ-ಆರ್ಮ್ (ಆಪರೇಷನ್ ನಡೆಯುವಾಗಲೇ ಮೂಳೆಯನ್ನು ಪರದೆ ಮೇಲೆ ತೋರಿಸುವ ಎಕ್ಸ್‌ರೇ ಯಂತ್ರ) ಇಟ್ಟುಕೊಂಡೇ ನಡೆಯುತ್ತವೆ. ತೊಡೆ ಮೂಳೆಗೆ ರಾಡ್ ಹಾಕುವಾಗಂತೂ ಸರ್ "ಶಾಟ್, ಇನ್ನೊಂದು ಶಾಟ್" ಅನ್ನುತ್ತಲೇ ಇರುತ್ತಾರೆ. ಸ್ಕ್ರಬ್ ಆಗಿರುವ (ಕೈ ತೊಳೆದು ಸ್ಟೆರೈಲ್ ಗೌನ್ ಹಾಕಿಕೊಂಡಿರುವ) ನಾನು ಟ್ರಾಲಿ ಬಿಟ್ಟು ಆಚೆ ಹೋಗುವ ಹಾಗಿಲ್ಲ. ಕಿರಣ ತಡೆಯುವ ಲೆಡ್ (ಸೀಸದ) ಏಪ್ರನ್ ಇರುವುದು ಮೂರೇ. ಸರ್ಜನ್, ಅಸಿಸ್ಟೆಂಟ್, ಅನಸ್ತೇಶಿಯಾ ಡಾಕ್ಟರ್ ಹಾಕಿಕೊಂಡರೆ ನನಗೆ ಉಳಿಯುವುದಿಲ್ಲ. ಮೈಗೆ ಎಷ್ಟು ಕಿರಣ ಬಿತ್ತು ಅಂತ ಅಳೆಯುವ ಬ್ಯಾಡ್ಜ್ ಟೆಕ್ನಿಷಿಯನ್ ಹತ್ತಿರ ಮಾತ್ರ ಇದೆ.

ಈಗ ಮಗು ಬೇಕು ಅಂದುಕೊಂಡಿದ್ದೇವೆ. ಅತ್ತೆ ತುಂಬಾ ಹೆದರಿದ್ದಾರೆ. ಕಿರಣ ಮೈಯಲ್ಲಿ ಸೇರಿಕೊಂಡು ಉಳಿಯುತ್ತದೆ, ಬಟ್ಟೆಗೆ ಅಂಟಿ ಮನೆಗೂ ಬರುತ್ತದೆ, ಹುಟ್ಟುವ ಮಗುವಿಗೆ ದೋಷ ಬರುತ್ತದೆ ಅಂತ ಯಾರೋ ಹೇಳಿದ್ದಾರಂತೆ. ಇಷ್ಟು ದಿನ ಬಿದ್ದ ಕಿರಣದಿಂದ ಏನಾದರೂ ಆಗಿರಬಹುದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಮಲ್ನಾಡ್_ಹುಡುಗ:

ಅಕ್ಕ, ಸುಮ್ನೆ ರಿಸ್ಕ್ ಯಾಕೆ? ಕೆಲಸ ಬಿಟ್ಟುಬಿಡಿ. ಆರೋಗ್ಯಕ್ಕಿಂತ ಸಂಬಳ ದೊಡ್ಡದಲ್ಲ.

ಹಳೇ_ರೇಡಿಯೋಗ್ರಾಫರ್_ಹುಬ್ಬಳ್ಳಿ:

ತಂಗಿ, ಕೆಲಸ ಬಿಡುವ ಮಾತು ಬೇಡ. ಏಪ್ರನ್ ಇಲ್ಲದೆ ಟೇಬಲ್ ಪಕ್ಕ ನಿಲ್ಲುವುದನ್ನು ಮಾತ್ರ ನಾಳೆಯಿಂದಲೇ ನಿಲ್ಲಿಸಿ. ಡಾರ್ಕ್ ರೂಮಿನಲ್ಲಿ ಫಿಲ್ಮ್ ತೊಳೆಯುತ್ತಿದ್ದ ಕಾಲದಿಂದ ನಿವೃತ್ತಿಯವರೆಗೂ ನಾನು ಇದೇ ಕೆಲಸದಲ್ಲಿದ್ದವನು. ನಿಮ್ಮ ಹಾಗೆ ಟ್ರಾಲಿ ಪಕ್ಕ ನಿಂತ ಎಷ್ಟೋ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಅತ್ತೆಯವರಿಗೆ ಸಮಾಧಾನ ಹೇಳಿ. ಸಿ-ಆರ್ಮ್‌ನಿಂದ ಬರುವುದು ಎಕ್ಸ್‌ರೇ. ಪೆಡಲ್ ಮೇಲಿಂದ ಕಾಲು ತೆಗೆದ ಕ್ಷಣಕ್ಕೆ ಅದು ಇಲ್ಲ. ಲೈಟ್ ಆರಿಸಿದ ಮೇಲೆ ಬೆಳಕು ಗೋಡೆಗೆ ಅಂಟಿಕೊಂಡಿರುತ್ತದೆಯೇ? ಹಾಗೇ ಇದು. ಮೈಯಲ್ಲಿ ಸೇರುವುದಿಲ್ಲ, ಬಟ್ಟೆಯಲ್ಲಿ ಬರುವುದಿಲ್ಲ. ಕಿರಣ ಉಳಿಯುವುದಿಲ್ಲ ನಿಜ, ಆದರೆ ಅದು ಹಾದುಹೋದಾಗ ಜೀವಕೋಶಕ್ಕೆ ಪೆಟ್ಟು ಬೀಳಬಹುದು. ಹೆಚ್ಚಿನದನ್ನು ಮೈ ತಾನೇ ಸರಿಮಾಡಿಕೊಳ್ಳುತ್ತದೆ. ಸರಿಹೋಗದೆ ಉಳಿದದ್ದರಿಂದ ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರ್ ಬರುವ ಸಾಧ್ಯತೆ ಒಂಚೂರು ಏರುತ್ತದೆ. ಡೋಸ್ ಜಾಸ್ತಿಯಾದಷ್ಟೂ ಆ ಸಾಧ್ಯತೆ ಜಾಸ್ತಿ. ಕಣ್ಣಿನ ಮಸೂರಕ್ಕೆ ವರ್ಷಗಟ್ಟಲೆ ಬಿದ್ದರೆ ಪೊರೆ ಬರಬಹುದು.

ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು ಅಂತ ನಮ್ಮ ಕೆಲಸದ ಚರಿತ್ರೆಯೇ ಹೇಳುತ್ತದೆ. ಎಡಿಸನ್ ಹತ್ತಿರ ಕ್ಲಾರೆನ್ಸ್ ಡ್ಯಾಲಿ ಅಂತ ಒಬ್ಬ ಸಹಾಯಕ ಇದ್ದ. ಎಕ್ಸ್‌ರೇ ಟ್ಯೂಬಿನ ಮುಂದೆ ತನ್ನ ಕೈಯನ್ನೇ ಹಿಡಿದು ಪರೀಕ್ಷೆ ಮಾಡುತ್ತಿದ್ದ. ಕೈ ಸುಟ್ಟು ಹುಣ್ಣಾಗಿ, ಕ್ಯಾನ್ಸರ್ ಆಗಿ, ಎರಡೂ ಕೈ ಕತ್ತರಿಸಬೇಕಾಯಿತು. 1904ರಲ್ಲಿ ತೀರಿಕೊಂಡ. ಆಗ ಏಪ್ರನ್ನೂ ಇರಲಿಲ್ಲ, ಲೆಕ್ಕವೂ ಇರಲಿಲ್ಲ.

ಈಗ ಲೆಕ್ಕ ಇದೆ. ಭೂಮಿ, ಗಾಳಿ, ಆಕಾಶದಿಂದ ಎಲ್ಲರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ಮೈಗೆ ಬಿದ್ದ ಕಿರಣವನ್ನು ಅಳೆಯುವ ಮಾನ) ಹೇಗಿದ್ದರೂ ಬೀಳುತ್ತದೆ. ನಮ್ಮಂಥ ಕೆಲಸದವರಿಗೆ ಎಇಆರ್‌ಬಿ (ದೇಶದ ಅಣುಶಕ್ತಿ ನಿಯಂತ್ರಣ ಮಂಡಳಿ) ಇಟ್ಟಿರುವ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20, ಯಾವ ಒಂದು ವರ್ಷದಲ್ಲೂ 30 ದಾಟುವಂತಿಲ್ಲ. ಗರ್ಭಿಣಿ ಅಂತ ತಿಳಿಸಿದ ಮೇಲೆ ಉಳಿದ ತಿಂಗಳುಗಳಲ್ಲಿ ಹೊಟ್ಟೆಯ ಕೂಸಿಗೆ 1 ಮಿಲಿಸೀವರ್ಟ್ ದಾಟಬಾರದು. ಕೂಸಿನ ಅಂಗಗಳಿಗೆ ಊನ ಆಗುವ ಭಯ ಶುರುವಾಗುವುದು 100ರ ಆಸುಪಾಸಿನಿಂದ ಮೇಲೆ. ನಡುವಿನ ಅಂತರ ಎಷ್ಟಿದೆ ನೋಡಿ.

ಇಲ್ಲಿಯವರೆಗೆ ಬಿದ್ದದ್ದರ ಬಗ್ಗೆ ಕೇಳಿದಿರಿ. ಹಿರೋಷಿಮಾ, ನಾಗಸಾಕಿಯಲ್ಲಿ ಬಾಂಬ್ ಬಿದ್ದಾಗ ಹೊಟ್ಟೆಯಲ್ಲಿದ್ದ ಕೆಲವು ಮಕ್ಕಳಿಗೆ ತಲೆ ಚಿಕ್ಕದಾಯಿತು, ಬುದ್ಧಿ ಬೆಳೆಯಲಿಲ್ಲ. ಅದು ನಿಜ, ಅವು ದೊಡ್ಡ ಡೋಸ್‌ಗಳು. ಆದರೆ ಬದುಕುಳಿದವರಿಗೆ ಆಮೇಲೆ ಹುಟ್ಟಿದ ಸುಮಾರು 77 ಸಾವಿರ ಮಕ್ಕಳನ್ನು ಹಿಡಿದು ನೋಡಿದಾಗ ಹುಟ್ಟುದೋಷ ಹೆಚ್ಚಿದ್ದು ಸ್ಪಷ್ಟವಾಗಿ ಕಾಣಲಿಲ್ಲ. ಬಾಂಬಿನ ಕಿರಣ ತಿಂದವರ ಕಥೆಯೇ ಇದು. ನಿಮ್ಮದು ಅದರ ಹತ್ತಿರಕ್ಕೂ ಬರುವುದಿಲ್ಲ. ಈ ಒಂದು ವಿಷಯದಲ್ಲಿ ಧೈರ್ಯವಾಗಿರಿ.

ಇನ್ನು ಓಟಿಯ ಮಾತು. ನಿಮಗೆ ತಾಗುವುದು ಹೆಚ್ಚಾಗಿ ಟ್ಯೂಬಿನ ನೇರ ಕಿರಣ ಅಲ್ಲ, ರೋಗಿಯ ಮೈಗೆ ಬಡಿದು ಸುತ್ತ ಚದುರುವ ಸ್ಕ್ಯಾಟರ್. ದೂರ ಎರಡು ಪಟ್ಟಾದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಶಾಟ್ ಹೊತ್ತಿಗೆ ಒಂದು ಹೆಜ್ಜೆ ಹಿಂದಕ್ಕಿಟ್ಟರೂ ಲಾಭ. ಟ್ಯೂಬ್ ಟೇಬಲ್ ಕೆಳಗಿರಲಿ. ಲ್ಯಾಟರಲ್ (ಪಕ್ಕದಿಂದ ತೆಗೆಯುವ ಚಿತ್ರ) ತೆಗೆಯುವಾಗ ಟ್ಯೂಬಿನ ಕಡೆ ನಿಲ್ಲಲೇಬೇಡಿ, ಸ್ಕ್ಯಾಟರ್ ಜಾಸ್ತಿ ಬರುವುದು ಆ ಕಡೆಯೇ. 0.5 ಮಿಲಿಮೀಟರ್ ಸೀಸಕ್ಕೆ ಸಮನಾದ ಏಪ್ರನ್ ಸ್ಕ್ಯಾಟರ್‌ನ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ತಡೆಯುತ್ತದೆ. ಥೈರಾಯ್ಡ್ ಶೀಲ್ಡ್ ಕೂಡ ಕೇಳಿ. ಟ್ರಾಲಿ ಕಡೆ ತಿರುಗುವಾಗ ಬೆನ್ನು ಟೇಬಲ್‌ಗೆ ಆಗುತ್ತದೆ, ಅಲ್ವಾ? ಮುಂದೆ ಮಾತ್ರ ಮುಚ್ಚುವ ಏಪ್ರನ್ ಆಗ ಕೆಲಸಕ್ಕೆ ಬರುವುದಿಲ್ಲ. ಸ್ಕ್ರಬ್ ನರ್ಸ್‌ಗೆ ಸುತ್ತ ಬರುವ ಸ್ಕರ್ಟ್ ಮತ್ತು ವೆಸ್ಟ್ ಬೇಕು.

ಗರ್ಭಿಣಿ ಅಂತ ಗೊತ್ತಾದ ಮೇಲೆ ನೋಡೋಣ ಅನ್ನಬೇಡಿ. ಕೂಸಿನ ಅಂಗಾಂಗ ರೂಪುಗೊಳ್ಳುವುದು ಮೊದಲ ಎರಡು ತಿಂಗಳಲ್ಲಿ. ಮುಟ್ಟು ತಪ್ಪಿ, ಟೆಸ್ಟ್ ಮಾಡಿಸಿ, ಮೇಟ್ರನ್‌ಗೆ ಹೇಳುವ ಹೊತ್ತಿಗೆ ಅದರಲ್ಲಿ ಎಷ್ಟೋ ದಿನ ಕಳೆದಿರುತ್ತದೆ.

ಓಟಿ_ಸಿಸ್ಟರ್_ದಾವಣಗೆರೆ:

ಅಣ್ಣಾ, ತುಂಬಾ ಥ್ಯಾಂಕ್ಸ್. ಅತ್ತೆಗೆ ಓದಿ ಹೇಳಿದೆ. ಬ್ಯಾಡ್ಜ್ ಕೇಳಿದರೆ "ಅದು ಎಕ್ಸ್‌ರೇ ಡಿಪಾರ್ಟ್‌ಮೆಂಟಿನವರಿಗೆ" ಅನ್ನುತ್ತಾರೆ. ಟೆಕ್ನಿಷಿಯನ್ ಬ್ಯಾಡ್ಜನ್ನೇ ಆಗಾಗ ಹಾಕಿಕೊಳ್ಳಬಹುದಾ?

ಕುಡ್ಲದ_ನರ್ಸ್:

ಸಿಸ್ಟರ್, ನಾನು ಮಂಗಳೂರಿನಲ್ಲಿ ಕ್ಯಾತ್ ಲ್ಯಾಬ್‌ನಲ್ಲಿದ್ದೆ, ಎಕ್ಸ್‌ರೇ ಇಟ್ಟುಕೊಂಡು ಹೃದಯದ ಆಂಜಿಯೋ ಮಾಡುವ ಕಡೆ. ಟೆಸ್ಟ್ ಪಾಸಿಟಿವ್ ಬಂದ ಕೂಡಲೇ ಬರೆದು ಕೊಟ್ಟೆ, ವಾರ್ಡ್‌ಗೆ ಹಾಕಿದರು. ಬಾಯಲ್ಲಿ ಹೇಳಿದರೆ ಮರೆತುಬಿಡುತ್ತಾರೆ, ಕಾಗದದಲ್ಲೇ ಕೊಡಿ. ಮಗಳಿಗೆ ಈಗ ಶಾಲೆ. ಆರಾಮಾಗಿದ್ದಾಳೆ.

ಹಳೇ_ರೇಡಿಯೋಗ್ರಾಫರ್_ಹುಬ್ಬಳ್ಳಿ:

ಬೇರೆಯವರ ಬ್ಯಾಡ್ಜ್ ಹಾಕಬೇಡಿ ತಂಗಿ. ಆ ಬ್ಯಾಡ್ಜ್, ಟಿಎಲ್‌ಡಿ ಅನ್ನುತ್ತೇವೆ, ಒಬ್ಬರ ಹೆಸರಿಗೆ ಬರುತ್ತದೆ, ಮೂರು ತಿಂಗಳಿಗೊಮ್ಮೆ ಓದಲು ಹೋಗುತ್ತದೆ. ಇಬ್ಬರು ಹಾಕಿದರೆ ಇಬ್ಬರ ಲೆಕ್ಕವೂ ಕೆಟ್ಟಿತು. ದಿನವೂ ಸಿ-ಆರ್ಮ್ ಪಕ್ಕ ನಿಲ್ಲುವವರು ಯಾವ ಡಿಪಾರ್ಟ್‌ಮೆಂಟಿನವರಾದರೂ ಅವರಿಗೆ ಬ್ಯಾಡ್ಜ್ ಕೊಡಬೇಕು. ಅದು ಉಪಕಾರ ಅಲ್ಲ, ನಿಮ್ಮ ಹಕ್ಕು. ಆಸ್ಪತ್ರೆಯಲ್ಲಿ ರೇಡಿಯೇಷನ್ ಸೇಫ್ಟಿ ಆಫೀಸರ್ ಅಂತ ಒಬ್ಬರಿರಬೇಕು, ಆರ್‌ಎಸ್‌ಒ ಅನ್ನುತ್ತಾರೆ. ಯಾರು ಅಂತ ಟೆಕ್ನಿಷಿಯನ್‌ನ ಕೇಳಿ, ಅರ್ಜಿ ಅವರಿಗೆ ಕೊಡಿ, ಒಂದು ಪ್ರತಿ ಮೇಟ್ರನ್‌ಗೆ. ಬ್ಯಾಡ್ಜ್, ಏಪ್ರನ್, ಥೈರಾಯ್ಡ್ ಶೀಲ್ಡ್ ಮೂರನ್ನೂ ಅದರಲ್ಲೇ ಬರೆಯಿರಿ. ಸಿಕ್ಕಿದ ಮೇಲೆ ಬ್ಯಾಡ್ಜನ್ನು ಎದೆಯ ಮಟ್ಟದಲ್ಲಿ ಏಪ್ರನ್ ಒಳಗೆ ಹಾಕಿ. ಡ್ಯೂಟಿ ಮುಗಿದ ಮೇಲೆ ಸಿ-ಆರ್ಮ್ ರೂಮಿನಲ್ಲೇ ನೇತುಹಾಕಿ ಬರಬೇಡಿ.

ಆ ಮೂರು ಏಪ್ರನ್‌ಗಳನ್ನು ಮಡಚಿ ಕುರ್ಚಿ ಮೇಲೆ ಎಸೆಯುತ್ತಾರಾ? ಹಾಗಿದ್ದರೆ ಒಳಗಿನ ಪದರ ಬಿರುಕು ಬಿಟ್ಟಿರಬಹುದು, ಹೊರಗಿನಿಂದ ಕಾಣುವುದಿಲ್ಲ. ಓಟಿ ಖಾಲಿ ಇರುವಾಗ ಟೆಕ್ನಿಷಿಯನ್‌ಗೆ ಹೇಳಿ, ಒಂದೊಂದನ್ನೂ ಸಿ-ಆರ್ಮ್‌ನಲ್ಲೇ ನೋಡಲಿ. ಬಿರುಕಿದ್ದ ಕಡೆ ಪರದೆ ಮೇಲೆ ಗೆರೆ ಕಾಣುತ್ತದೆ. ಅದರ ಫೋಟೋ ತೆಗೆದು ಅರ್ಜಿಗೆ ಪಿನ್ ಮಾಡಿ.