ಯೆವ್ಲೆಯ ಹುಲ್ಲಿನ ಹೋತ: ಸುಡುವುದೂ ಸಂಪ್ರದಾಯವೇ?

ಮಲೆನಾಡ ಮಳೆ:
ಸ್ವೀಡನ್ನಿನ ಯೆವ್ಲೆ ಪಟ್ಟಣದಲ್ಲಿ ಕ್ರಿಸ್‌ಮಸ್ಸಿಗೆ ಮುಂಚೆ 13 ಮೀಟರ್ ಎತ್ತರದ ಒಣಹುಲ್ಲಿನ ಹೋತ ಕಟ್ಟಿ ನಿಲ್ಲಿಸುತ್ತಾರೆ. ಶುರುವಾಗಿದ್ದು 1966ರಲ್ಲಿ. ಅದೇ ವರ್ಷ ಡಿಸೆಂಬರ್ 31ರ ಮಧ್ಯರಾತ್ರಿ ಯಾರೋ ಬೆಂಕಿ ಇಟ್ಟರು. ಅಲ್ಲಿಂದೀಚೆಗೆ ಅರ್ಧಕ್ಕಿಂತ ಹೆಚ್ಚು ವರ್ಷ ಆ ಹೋತ ಹಬ್ಬ ಮುಗಿಯುವವರೆಗೆ ಉಳಿದೇ ಇಲ್ಲ. ನನಗನ್ನಿಸೋದು, ಕಟ್ಟುವುದು ಅರ್ಧ ಹಬ್ಬ, ಸುಡುವುದು ಇನ್ನರ್ಧ. ಊರಿನವರೇ ಒಂದು ದಿನ ಗೊತ್ತುಮಾಡಿ ಎಲ್ಲರೆದುರು ಸುಟ್ಟರೆ ಈ ಕದ್ದುಮುಚ್ಚಿ ಹಚ್ಚೋದು ನಿಲ್ಲುತ್ತದಲ್ಲವೇ? ಏನಂತೀರಿ?

ಉಪ್ಸಾಲದಿಂದ:
ನಾನಿರುವ ಊರಿಂದ ಯೆವ್ಲೆಗೆ ರೈಲಿನಲ್ಲಿ ಒಂದು ಗಂಟೆ ಅಷ್ಟೇ. 2022ರ ಡಿಸೆಂಬರಿನಲ್ಲಿ ಮಗಳನ್ನು ಕರೆದುಕೊಂಡು ಹೋಗಿದ್ದೆ. ಸುತ್ತ ಎರಡು ಸಾಲು ಬೇಲಿ, ನಡುವೆ ಕಾವಲುಗಾರ. ಬೇಲಿಗೆ ಮುಖ ಒತ್ತಿ ನೋಡಿದರೆ ಕಾಲಿನ ಹತ್ತಿರ ಹಗ್ಗದ ಗಂಟುಗಳು ಒಂದೊಂದೂ ಕಾಣುತ್ತವೆ, ಗಂಟಿನ ಸಂದಿಯಲ್ಲೆಲ್ಲ ಹಿಮದ ಪುಡಿ. ಹೀಗೆ ಸುಮಾರು 12,000 ಗಂಟು, 1,600 ಮೀಟರ್ ಹಗ್ಗ, ಸಾವಿರ ಗಂಟೆ ಕೆಲಸ. ಕೈಯಾರೆ ಕಟ್ಟಿದವರಿಗೆ ಬೂದಿಯೂ ಹಬ್ಬವೇ ಅಂತ ನಾವು ದೂರದಿಂದ ಹೇಳುವುದು ಸರಿಯಲ್ಲ.

ಧಾರವಾಡ ಪೇಡೆ:
ಅಕ್ಕಾರ, ನಮ್ಮ ಕಡೆ ಕಾಮಣ್ಣನ ಹಬ್ಬಕ್ಕ ಹುಡುಗ್ರು ಕಟ್ಟಿಗಿ, ಕುಳ್ಳು ಕದಿಯೂದು ಇದ್ದದ್ದೇ. ಮನಿಯವರು ಬೈತಾರ, ಆದ್ರ ಸ್ಟೇಷನ್ನಿಗೆ ಹೋಗೂದಿಲ್ಲ. ಆ ಕಳ್ಳತನಾನೂ ಹಬ್ಬದಾಗ ಸೇರಿ ಹೋಗೇತಿ. ಹೋತದ್ದೂ ಹಂಗ ಯಾಕ ಆಗಬಾರದು?

ಉಪ್ಸಾಲದಿಂದ:
ತಮ್ಮಾ, ಕಾಮಣ್ಣನನ್ನು ಕೂರಿಸುವುದೇ ಸುಡುವುದಕ್ಕೆ. ಈ ಹೋತದ ಕಥೆ ಬೇರೆ. ಇದು ಯೂಲ್‌ಬೊಕ್, ಅಂದರೆ ಕ್ರಿಸ್‌ಮಸ್ ಹೋತ. ಉಡುಗೊರೆ ಹಂಚುವ ಅಜ್ಜ ಇಲ್ಲಿಗೆ ಬರುವ ಮೊದಲು ಮಕ್ಕಳಿಗೆ ಉಡುಗೊರೆ ತರುತ್ತಿದ್ದದ್ದು ಇದೇ ಹೋತ. ಈಗಲೂ ಮನೆಮನೆಯಲ್ಲಿ ಕೆಂಪು ರಿಬ್ಬನ್ ಸುತ್ತಿದ ಗೇಣುದ್ದದ ಹುಲ್ಲಿನ ಹೋತ ಇಡುತ್ತಾರೆ. ನಮ್ಮ ಪಕ್ಕದ ಮನೆಯ ಅಜ್ಜಿ ತಮ್ಮದನ್ನು ತೆಳು ಕಾಗದದಲ್ಲಿ ಸುತ್ತಿ ಶೂ ಡಬ್ಬಿಯಲ್ಲಿಟ್ಟು ವರ್ಷವಿಡೀ ಕಾಪಾಡುತ್ತಾರೆ. ಒಂದು ಕಿವಿ ಮುರಿದಿದೆ, ಬದಲಾಯಿಸಿಲ್ಲ. ಅದಕ್ಕೆ ಯಾರೂ ಕಡ್ಡಿ ಗೀರುವುದಿಲ್ಲ.

ಮಲೆನಾಡ ಮಳೆ:
ಮೇಡಂ, ಮನೆಯ ಹೋತ ಹಳೆಯದು, ಒಪ್ಪಿದೆ. ಆದರೆ ಚೌಕದ ಹೋತ ಜಾಹೀರಾತಿನ ಕೂಸು. ಸ್ಟಿಗ್ ಗಾವ್ಲೆನ್ ಎಂಬ ಜಾಹೀರಾತು ಸಲಹೆಗಾರ ಊರಿನ ದಕ್ಷಿಣ ಭಾಗದ ಅಂಗಡಿಗಳಿಗೆ ಗಿರಾಕಿ ಸೆಳೆಯೋಕೆ ಹೊಳೆಸಿದ್ದು. ಅದನ್ನು ಜಗತ್ತಿಗೆ ಪರಿಚಯಿಸಿದ್ದು ಬೆಂಕಿ. 2016ರಲ್ಲಿ, ಐವತ್ತು ತುಂಬಿದ ವರ್ಷ, ಉದ್ಘಾಟನೆಯಾದ ದಿನವೇ ಸುಟ್ಟುಹೋಯ್ತು. ಆ ಸುದ್ದಿ ಓದಿಯೇ ನನಗೆ ಯೆವ್ಲೆ ಅನ್ನೋ ಊರು ಗೊತ್ತಾಗಿದ್ದು. ಉಳಿಯುತ್ತೋ ಇಲ್ಲವೋ ಅಂತ ಇಂಗ್ಲೆಂಡಿನಲ್ಲಿ ಬಾಜಿ ಕಟ್ಟುತ್ತಾರೆ. ಐವತ್ತು ವರ್ಷ ನಡೆದುಬಂದದ್ದನ್ನು ಸಂಪ್ರದಾಯ ಅನ್ನದೆ ಇನ್ನೇನನ್ನೋದು?

ಕರಿಕೋಟು:
ಹಾಗೆ ನಂಬಿದವನ ಗತಿ ಏನಾಯ್ತು ಕೇಳಿ. 2001ರಲ್ಲಿ ಅಮೆರಿಕದ ಪ್ರವಾಸಿಯೊಬ್ಬ ಹೋತಕ್ಕೆ ಬೆಂಕಿ ಇಟ್ಟು ಸಿಕ್ಕಿಬಿದ್ದ. ಇದು ಇಲ್ಲಿನ ಪದ್ಧತಿ, ಏನೂ ಆಗಲ್ಲ ಅಂತ ಸ್ನೇಹಿತರು ಹೇಳಿದ್ದರು ಅಂದ. 18 ದಿನ ಜೈಲಿನಲ್ಲಿ ಕಳೆದ, ನಷ್ಟಪರಿಹಾರ ಕಟ್ಟಬೇಕು ಅಂತ ತೀರ್ಪೂ ಬಂತು. ಮಾಲು ಇನ್ನೊಬ್ಬರದು, ಅವರು ಒಪ್ಪಿಲ್ಲ, ಅಲ್ಲಿಗೆ ಮುಗಿಯಿತು. ಎಷ್ಟು ವರ್ಷದಿಂದ ನಡೀತಿದೆ ಅನ್ನೋದು ಒಪ್ಪಿಗೆಯ ಜಾಗಕ್ಕೆ ಬರಲ್ಲ. ಕಾಮಣ್ಣನಿಗೆ ಕುಳ್ಳು ಕಳಕೊಂಡವರು ಬೈದು ಸುಮ್ಮನಾಗ್ತಾರಲ್ಲ, ಆ ಸುಮ್ಮನಾಗೋದೇ ಅವರ ಒಪ್ಪಿಗೆ. ಯೆವ್ಲೆಯವರು ಸುಮ್ಮನಾಗಿಲ್ಲ. ಹುಲ್ಲಿಗೆ ಬೆಂಕಿನಿರೋಧಕ ಹೊಡೆದಿದ್ದಾರೆ, ಕ್ಯಾಮೆರಾ ಹಾಕಿದ್ದಾರೆ, ರಾತ್ರಿಯಿಡೀ ಕಾದಿದ್ದಾರೆ. ಬೇಡ ಅಂತ ಇನ್ನು ಹೇಗೆ ಹೇಳಬೇಕು?

ಧಾರವಾಡ ಪೇಡೆ:
ಕರಿಕೋಟು ಸರ್ ಹೇಳಿದ್ದು ಖರೆ ಅನಸ್ತದ. ಇನ್ನೊಂದು ಓದಿದೆ. ಅಲ್ಲೇ ಸಾಲಿ ಹುಡುಗ್ರ ವಿಜ್ಞಾನ ಸಂಘದವರು ಒಂದು ಸಣ್ಣ ಹೋತ ಬ್ಯಾರೆ ಕಟ್ತಾರಂತ. ಅದಕ್ಕೂ ಬೆಂಕಿ ಹಚ್ಚ್ಯಾರ! ಹುಡುಗ್ರು ಕಟ್ಟಿದ್ದನ್ನ ಸುಟ್ಟು ಹಬ್ಬ ಅನ್ನೂದು ನನ್ನ ಕೈಲಿ ಆಗೂದಿಲ್ಲ. ನಾನು ಅಕ್ಕಾರ ಕಡೆ.

ಮಲೆನಾಡ ಮಳೆ:
ಮಕ್ಕಳದ್ದು ನನಗೆ ಗೊತ್ತಿರಲಿಲ್ಲ. ಅದು ತಪ್ಪು, ಎರಡು ಮಾತಿಲ್ಲ. ಆದರೆ 2017ರಿಂದ 2020ರವರೆಗೆ ನಾಲ್ಕು ವರ್ಷ ಸತತ ಉಳಿಯಿತು, 2021ರಲ್ಲಿ ಮತ್ತೆ ಸುಟ್ಟರು. ಕಾವಲಿನಿಂದ ನಿಲ್ಲದ್ದು ಇದು. ಹಾಗಾಗಿ ದಿನ ಗೊತ್ತುಮಾಡಿ ಅನ್ನೋ ಮಾತಿಗೆ ನಾನು ಇನ್ನೂ ಅಂಟಿಕೊಂಡಿದ್ದೇನೆ.

ಉಪ್ಸಾಲದಿಂದ:
2023ರದ್ದನ್ನೂ ಕೇಳಿ. ಆ ಬೇಸಿಗೆ ವಿಪರೀತ ಮಳೆ, ಹುಲ್ಲಿನಲ್ಲಿ ಕಾಳು ಉಳಿದುಬಿಟ್ಟಿತ್ತು. ಜಾಕ್‌ಡಾ ಅನ್ನುವ ಬೂದು ಕತ್ತಿನ ಸಣ್ಣ ಕಾಗೆಗಳು ಹಿಂಡುಹಿಂಡಾಗಿ ಬಂದು ಹೋತವನ್ನು ಹೆಕ್ಕಿ ತಿಂದವು. ನಾವು ಹೋದಾಗ ಬೆನ್ನಿನ ಹುಲ್ಲೆಲ್ಲ ಕಿತ್ತು ಜೋತಾಡುತ್ತಿತ್ತು, ಕೆಲವೆಡೆ ಒಳಗಿನ ಮರ ಕಾಣುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಹೆಂಗಸನ್ನು ಬೇಸರವಾಯಿತೇ ಎಂದು ಕೇಳಿದೆ. 'ಚಳಿಗಾಲದಲ್ಲಿ ಹಕ್ಕಿಗೆ ಕಾಳು ಹಾಕುವುದು ನಮ್ಮಲ್ಲಿ ಮೊದಲಿಂದಲೂ ಇದೆ' ಅಂದರು. ಹಿಂದಿನ ಬೆಂಕಿಯ ಮಾತೆತ್ತಿದಾಗ ಅದೇ ಹೆಂಗಸು ಮುಖ ತಿರುಗಿಸಿದರು. ಮಳೆ ಸರ್, ನಿಮ್ಮ ದಿನ ಗೊತ್ತುಮಾಡುವ ಸಲಹೆಯನ್ನು ಅವರ ಮುಂದಿಡಲು ನನಗಂತೂ ಬಾಯಿ ಬರುವುದಿಲ್ಲ.

ಮಲೆನಾಡ ಮಳೆ:
ಈ ಸಲ ಮಗಳೊಂದಿಗೆ ಹೋದರೆ ಆ ಗಂಟುಗಳ ಫೋಟೋ ಒಂದು ಹಾಕಿ ಮೇಡಂ. ಹತ್ತಿರದಿಂದ ನೋಡಬೇಕು ನನಗೆ.