ಎಕ್ಸಾರ್ಸಿಸ್ಟ್ ಕ್ಲೈಮ್ಯಾಕ್ಸಲ್ಲಿ ಗೆದ್ದಿದ್ದು ಯಾರು? (ಸ್ಪಾಯ್ಲರ್ ಇದೆ)

ಕೇಳಿದವರು: ರಾತ್ರಿ_ಶೋ
1973ರ ದಿ ಎಕ್ಸಾರ್ಸಿಸ್ಟ್ ಸಿನಿಮಾ ನಿನ್ನೆ ಮೊದಲ್ನೇ ಸಲ ನೋಡ್ದೆ, ಇನ್ನೂ ತಲೇಲೇ ಕೂತಿದೆ. ಕೊನೇಲಿ ಫಾದರ್ ಕ್ಯಾರಸ್, ರೀಗನ್ ಅನ್ನೋ ಹುಡುಗಿ ಮೈಮೇಲಿರೋ ದೆವ್ವಕ್ಕೆ ನನ್ನೊಳಗೆ ಬಾ ಅಂತ ಕೂಗಿ, ಅದು ತಮ್ಮ ಮೈಮೇಲೆ ಬಂದ್ ತಕ್ಷಣ ಕಿಟಕಿಯಿಂದ ಹಾರಿ ಮೆಟ್ಲು ಮೇಲೆ ಉರುಳಿ ಸಾಯ್ತಾರೆ, ಜೊತೆಗಿದ್ದ ಇನ್ನೊಬ್ಬ ಪಾದ್ರಿ ಮೆರಿನ್ ಅಂತೂ ಮೊದ್ಲೇ ಹೋಗಿರ್ತಾರೆ. ಇಬ್ರು ಪಾದ್ರಿಗಳೂ ಸತ್ರೆ ಗೆದ್ದಿದ್ದು ದೆವ್ವಾನೇ ಅಲ್ವಾ? ನಮ್ಮನೇವ್ರು ಅಲ್ಲ ಅಂತಾರೆ.

ಹಳೇ_ರೀಲು
ನಿಮ್ಮನೇವ್ರು ಹೇಳಿದ್ದೇ ಸರಿ. ಹಾರೋಕ್ ಮುಂಚೆ ಕ್ಯಾರಸ್ ಮುಖ ನೋಡಿ, ಕೈ ಹುಡುಗಿ ಕಡೆ ಹೋಗತ್ತೆ, ಆಮೇಲೆ ಒಂದು ಕ್ಷಣ ಮುಖ ಮತ್ತೆ ಅವನದೇ ಆಗತ್ತೆ, ಆಗ ಹಾರ್ತಾನೆ. ದೆವ್ವ ಹಾರಿಸಿದ್ದಲ್ಲ, ಅವನೇ ಹಾರಿದ್ದು. ಕಾದಂಬರಿನೂ ಸ್ಕ್ರಿಪ್ಟೂ ಬರೆದ ಬ್ಲ್ಯಾಟಿಗೆ ಜನ ನಿಮ್ ಥರಾನೇ ಅರ್ಥ ಮಾಡ್ಕೊಂಡಿದ್ದಕ್ಕೆ ತುಂಬಾ ಬೇಜಾರಿತ್ತು.

ಕುಡ್ಲ_ಹುಡುಗಿ
ನಾನು ಕ್ಯಾಥೊಲಿಕ್, ನಮಗೆ ನಿಜವಾದ ಕ್ಲೈಮ್ಯಾಕ್ಸ್ ಕಿಟಕಿಯಲ್ಲಿ ಅಲ್ಲ, ಮೆಟ್ಟಿಲ ಕೆಳಗೆ ಉಂಟು. ಅವರ ಸ್ನೇಹಿತ ಫಾದರ್ ಡಯರ್ ಓಡಿ ಬಂದು ಕನ್ಫೆಷನ್ (ಪಾಪ ಒಪ್ಪಿಕೊಳ್ಳುದು) ಮಾಡ್ತೀಯಾ ಅಂತ ಕೇಳುವಾಗ ಕ್ಯಾರಸ್‌ಗೆ ಮಾತಾಡ್ಲಿಕ್ಕೆ ಆಗುದಿಲ್ಲ, ಹೌದು ಅಂತ ಬೆರಳು ಒತ್ತುತ್ತಾರೆ ಅಷ್ಟೆ. ನಾನು ಅಲ್ಲಿ ಅತ್ತುಬಿಟ್ಟೆ. ಮತ್ತೆ ಎಕ್ಸಾರ್ಸಿಸಂ, ಅಂದ್ರೆ ದೆವ್ವ ಬಿಡಿಸುವ ವಿಧಿ, ಬಿಷಪ್ಪರ ಪರ್ಮಿಷನ್ ಇಲ್ಲದೆ ಮಾಡ್ಲಿಕ್ಕಿಲ್ಲ ಅಂತ ತೋರಿಸಿದ್ದು ಕರೆಕ್ಟ್. ಮೊದಲು ಕಾಯಿಲೆ ಅಲ್ಲ ಅಂತ ಖಾತ್ರಿ ಆಗ್ಬೇಕು, ಚರ್ಚಿನ 1614ರ ವಿಧಿಯಲ್ಲೂ ಅದು ಉಂಟು, 1999ರಲ್ಲಿ ತಿದ್ದಿದ್ದರಲ್ಲೂ ಉಂಟು. ಅದು ಯಾಕೆ ಅಷ್ಟು ಮುಖ್ಯ ಅಂದ್ರೆ, ಜರ್ಮನಿಯಲ್ಲಿ ಅನ್ನೆಲೀಸ್ ಮಿಷೆಲ್ ಅಂತ ಮೂರ್ಛೆರೋಗ ಇದ್ದ ಹುಡುಗಿಗೆ ಬಿಷಪ್ಪರೇ ಒಪ್ಪಿಗೆ ಕೊಟ್ಟು 67 ಸಲ ಮಾಡಿದ್ರು, 1976ರಲ್ಲಿ ಊಟ ಬಿಟ್ಟು ಸತ್ತಳು ಪಾಪ, 23 ವರ್ಷ ಅಷ್ಟೆ. ಅಪ್ಪ ಅಮ್ಮ, ಇಬ್ಬರು ಪಾದ್ರಿಗಳು ಎಲ್ಲರೂ ತಪ್ಪಿತಸ್ಥರು ಅಂತ 1978ರಲ್ಲಿ ಕೋರ್ಟ್ ಹೇಳಿತು.

ಹುಬ್ಬಳ್ಳಿ_ಮಂದಿ
ನನಗ ದೆವ್ವಕ್ಕಿಂತ ದವಾಖಾನಿ ಸೀನ್ ನೋಡಿ ಭಾಳ ಹೆದರಿಕಿ ಆತ್ರಿ. ಆ ಸಣ್ಣ ಹುಡುಗಿ ಕುತ್ತಿಗಿಗೆ ಸೂಜಿ ಚುಚ್ಚತಾರ, ರಕ್ತ ಚಿಮ್ಮತೈತಿ, ಮಷೀನ್ ಧಡ್ ಧಡ್ ಅಂತೈತಿ, ಮ್ಯೂಸಿಕ್ಕೂ ಇಲ್ಲ ಏನೂ ಇಲ್ಲ. ಕಡೀಕ ಡಾಕ್ಟರಗೋಳ ಪಾದ್ರಿ ಕಡೆ ಹೋಗ್ರಿ ಅಂತಾರ, ದೇವರ ಮ್ಯಾಲ ನಂಬಿಕಿನ ಇಲ್ಲದ ಅವ್ವಗ. ಅಕಿ ಮುಖ ಮರಿಯಾಕ ಆಗವಲ್ದು.

ರಾತ್ರಿ_ಶೋ
ಕೊನೇ ಹತ್ತು ನಿಮಿಷ ಮತ್ತೆ ಹಾಕಿ ನೋಡ್ದೆ. ಬೆರಳು ಒತ್ತೋದು ನಿನ್ನೆ ಗಮನಿಸೇ ಇರ್ಲಿಲ್ಲ. ಇನ್ನೊಂದು, ರೀಗನ್‌ಗೆ ಏನೂ ನೆನಪಿಲ್ಲ ಅಂತಾರೆ, ಆದ್ರೂ ಊರು ಬಿಟ್ ಹೋಗುವಾಗ ಡಯರ್ ಕತ್ತಿನ ಬಿಳಿ ಕಾಲರ್ ನೋಡ್ತಾ ನಿಂತು, ಆಮೇಲೆ ಕೆನ್ನೆಗೆ ಮುತ್ತು ಕೊಡ್ತಾಳೆ.